‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’: ಮೊದಲ ಸಲ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ಈ ಪುಟ್ಟ ಕಾರ್ಯಕ್ರಮದ ಬಗ್ಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುತ್ತವೆ. ಕೇಳುವವರಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ಇದನ್ನು ಮೊದಲ ಬಾರಿ ಕಂಡವರು. ಮಕ್ಕಳ ಶಾಲೆಯ ಮೂಲಕ ಇದರ ಹೆಸರು ಕೇಳಿದ ಅಮೆರಿಕದ ಕನ್ನಡಿಗರಿದ್ದಾರೆ, ಮಂಗಳೂರು ಬೆಂಗಳೂರುಗಳಲ್ಲಿ ಕ್ರಿಸ್‌ಮಸ್ ಆಚರಿಸುವ ಮನೆಯವರಿದ್ದಾರೆ, ಇದರಲ್ಲಿ ಬರುವ ಸ್ನೂಪಿ ಎಂಬ ನಾಯಿಯನ್ನು ಟೀ ಷರ್ಟಿನ ಮೇಲೆ ಮಾತ್ರ ಕಂಡಿದ್ದವರೂ ಇದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಕಥೆಯ ಕೊನೆ ಈಗಲೇ ತಿಳಿಯಬಾರದು ಎನ್ನುವವರು ಮೊದಲ ಭಾಗವನ್ನಷ್ಟೇ ಓದಿ, ಉಳಿದದ್ದನ್ನು ನೋಡಿದ ಮೇಲೆ ಓದಿ.

## ನೋಡುವ ಮೊದಲು

ಇದು ಸಿನಿಮಾನಾ, ಧಾರಾವಾಹಿಯಾ? ಹೆಸರು ಮಾತ್ರ ಎಲ್ಲ ಕಡೆ ಕೇಳುತ್ತೇವೆ.

ಎರಡೂ ಅಲ್ಲ. ಟೆಲಿವಿಷನ್ನಿಗಾಗಿಯೇ ಮಾಡಿದ, ಸುಮಾರು 25 ನಿಮಿಷಗಳ ಅನಿಮೇಷನ್ ಕಾರ್ಯಕ್ರಮ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1965ರ ಡಿಸೆಂಬರ್ 9ರ ಗುರುವಾರ ಸಂಜೆ ಮೊದಲ ಬಾರಿ ಪ್ರಸಾರವಾಯಿತು. ಚಾರ್ಲ್ಸ್ ಶುಲ್ಟ್ಸ್ ಅವರ ‘ಪೀನಟ್ಸ್’ ಕಾಮಿಕ್ ಪಟ್ಟಿಯ ಪಾತ್ರಗಳು ಇದರಲ್ಲಿವೆ. ಕಥೆ ಬರೆದವರೂ ಶುಲ್ಟ್ಸ್. ನಿರ್ದೇಶನ ಬಿಲ್ ಮೆಲೆಂಡೆಜ್ ಅವರದು, ನಿರ್ಮಾಣ ಲೀ ಮೆಂಡೆಲ್ಸನ್ ಅವರದು, ಸಂಗೀತ ವಿನ್ಸ್ ಗ್ವಾರಾಲ್ಡಿ ಅವರದು. ಈ ನಾಲ್ವರ ಹೆಸರು ಮುಂದೆ ಮತ್ತೆ ಮತ್ತೆ ಬರುತ್ತದೆ.

ಪೀನಟ್ಸ್ ಕಾಮಿಕ್ಸ್ ಒಂದನ್ನೂ ಓದಿಲ್ಲ. ಅರ್ಥವಾಗುತ್ತದೆಯೇ?

ಖಂಡಿತ. ಐದು ಜನರ ಪರಿಚಯವಿದ್ದರೆ ಸಾಕು. ಚಾರ್ಲಿ ಬ್ರೌನ್ ಎಂಬ ಹುಡುಗ ಕೈಹಾಕಿದ ಕೆಲಸವೆಲ್ಲ ಕೆಡುತ್ತದೆ, ಆದರೂ ಅವನು ಪ್ರಯತ್ನ ಬಿಡುವುದಿಲ್ಲ. ಅವನ ಗೆಳೆಯ ಲೈನಸ್ ಬಹಳ ಓದಿಕೊಂಡವನಂತೆ ಮಾತನಾಡುತ್ತಾನೆ, ಆದರೆ ಎಳೆಯ ಮಗುವಿನಂತೆ ಒಂದು ಹೊದಿಕೆಯನ್ನು ಕೈಬಿಡದೆ ಹಿಡಿದುಕೊಂಡಿರುತ್ತಾನೆ. ಲೈನಸ್‌ನ ಅಕ್ಕ ಲೂಸಿ ಜೋರಿನ ಹುಡುಗಿ. ಚಾರ್ಲಿ ಬ್ರೌನ್‌ನ ತಂಗಿ ಸ್ಯಾಲಿ. ಅವನ ನಾಯಿ ಸ್ನೂಪಿ, ಯಾರ ಮಾತಿಗೂ ಸೊಪ್ಪು ಹಾಕದವನು. ಉಳಿದವರು ಯಾರೆಂದು ನೋಡುತ್ತ ನೋಡುತ್ತ ತಿಳಿಯುತ್ತದೆ.

ಈಗ ಎಲ್ಲಿ ನೋಡಬಹುದು?

2000ದವರೆಗೆ ಸಿಬಿಎಸ್‌ನಲ್ಲಿ, ಆಮೇಲೆ 2019ರವರೆಗೆ ಎಬಿಸಿಯಲ್ಲಿ ಪ್ರತಿ ವರ್ಷ ಬರುತ್ತಿತ್ತು. 2020ರಿಂದ ಆ್ಯಪಲ್‌ನ ಸ್ಟ್ರೀಮಿಂಗ್ ಸೇವೆಯಲ್ಲಿದೆ. ಚಂದಾ ಇಲ್ಲದವರಿಗೂ ಡಿಸೆಂಬರ್‌ನಲ್ಲಿ ಒಂದೆರಡು ದಿನ ಉಚಿತವಾಗಿ ತೋರಿಸಿದ ವರ್ಷಗಳಿವೆ, ಹಬ್ಬ ಹತ್ತಿರ ಬಂದಾಗ ವಿಚಾರಿಸಿ ನೋಡಿ. ಡಿವಿಡಿಯೂ ಬಂದಿದೆ. ಚರ್ಚಿನಲ್ಲೋ ಶಾಲೆಯ ಸಭಾಂಗಣದಲ್ಲೋ ಸಾರ್ವಜನಿಕವಾಗಿ ತೋರಿಸುವುದಾದರೆ ಮನೆಯ ಚಂದಾ ಸಾಲದು, ಹಕ್ಕುದಾರರ ಅನುಮತಿ ಬೇಕು.

ನನ್ನ ಮಗಳಿಗೆ ನಾಲ್ಕು ವರ್ಷ. ಅವಳ ಜೊತೆ ಕೂತು ನೋಡಬಹುದೇ?

ನೋಡಬಹುದು. ಹೆದರಿಸುವಂಥದ್ದು ಏನೂ ಇಲ್ಲ. ಮಕ್ಕಳು ಒಬ್ಬರನ್ನೊಬ್ಬರು ದಡ್ಡ, ಪೆದ್ದ ಎಂದು ಬೈದುಕೊಳ್ಳುತ್ತಾರೆ. ಒಂದು ಕಡೆ ಎಲ್ಲರೂ ಸೇರಿ ಚಾರ್ಲಿ ಬ್ರೌನ್‌ನನ್ನು ನೋಡಿ ನಗುತ್ತಾರೆ, ಅದು ಎಳೆಯ ಮನಸ್ಸಿಗೆ ತಾಗಬಹುದು. ಆ ಹೊತ್ತಿಗೆ ಪಕ್ಕದಲ್ಲಿರಿ. ನಾಲ್ಕರ ಮಕ್ಕಳು ಸ್ನೂಪಿಯ ಕುಣಿತಕ್ಕೆ ನಗುತ್ತಾರೆ, ಎಂಟರ ಮಕ್ಕಳು ಚಾರ್ಲಿ ಬ್ರೌನ್‌ನ ಪರ ವಾದಿಸಲು ಶುರು ಮಾಡುತ್ತಾರೆ. ಮಾತು ಇಂಗ್ಲಿಷಿನಲ್ಲಿದ್ದರೂ ನಿಧಾನವಾಗಿದೆ. ಸಬ್‌ಟೈಟಲ್ ಹಾಕಿಕೊಂಡರೆ ಅಜ್ಜ ಅಜ್ಜಿಯರಿಗೂ ಕಷ್ಟವಾಗದು.

ನಾವು ಕ್ರೈಸ್ತರಲ್ಲ. ನಮಗೇನು ಇದರಲ್ಲಿ?

ಇದು ಕ್ರಿಸ್‌ಮಸ್‌ನದೇ ಕಾರ್ಯಕ್ರಮ. ಅದರ ನಟ್ಟನಡುವೆ ಯೇಸುವಿನ ಜನನದ ಕಥೆ ಇದೆ. ಅದನ್ನು ಬದಿಗಿಟ್ಟು ನೋಡಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಆದರೆ ಕಥೆ ಶುರುವಾಗುವ ಪ್ರಶ್ನೆ ಯಾವ ಹಬ್ಬದವರಿಗೂ ಹೊಸತಲ್ಲ: ಊರಿಗೆ ಊರೇ ಸಂಭ್ರಮದಲ್ಲಿರುವಾಗ ನನಗೊಬ್ಬನಿಗೆ ಮಾತ್ರ ಏನೂ ಅನ್ನಿಸುತ್ತಿಲ್ಲವಲ್ಲ, ಏಕೆ? ದೀಪಾವಳಿಯ ರಾತ್ರಿ ಹೀಗೆ ಅನ್ನಿಸಿದವರಿಗೆ ಚಾರ್ಲಿ ಬ್ರೌನ್ ಅಪರಿಚಿತನಲ್ಲ.

## ಒಮ್ಮೆ ನೋಡಿದವರ ಪ್ರಶ್ನೆಗಳು

ಹಬ್ಬದ ಖುಷಿಗೆಂದು ಹಾಕಿದೆವು. ಹುಡುಗ ಬಾಯಿ ಬಿಟ್ಟ ಕೂಡಲೇ ‘ನನಗೆ ಸಂತೋಷವಿಲ್ಲ’ ಎನ್ನುತ್ತಾನಲ್ಲ! ಮಕ್ಕಳ ಕಾರ್ಯಕ್ರಮದಲ್ಲಿ ಇದೇಕೆ?

ಇದನ್ನು ನಾನು ಇಷ್ಟು ಪ್ರೀತಿಸಲು ಮುಖ್ಯ ಕಾರಣವೇ ಅದು. ಮಂಜಿನಲ್ಲಿ ನಿಂತ ಚಾರ್ಲಿ ಬ್ರೌನ್ ಲೈನಸ್‌ಗೆ ಹೇಳುವುದಿಷ್ಟು: ಕ್ರಿಸ್‌ಮಸ್ ಬರುತ್ತಿದೆ, ಉಡುಗೊರೆ ಪಡೆಯುವುದು, ಶುಭಾಶಯ ಪತ್ರ ಕಳಿಸುವುದು, ಮರ ಸಿಂಗರಿಸುವುದು ಎಲ್ಲವೂ ನನಗೆ ಇಷ್ಟ, ಆದರೂ ನನಗೆ ಅನ್ನಿಸಬೇಕಾದ ಹಾಗೆ ಅನ್ನಿಸುತ್ತಿಲ್ಲ. ಅವನಿಗೆ ಹಬ್ಬದ ಮೇಲೆ ದ್ವೇಷವಿಲ್ಲ. ಹಬ್ಬ ತನ್ನೊಳಗೆ ಏಕೆ ಇಳಿಯುತ್ತಿಲ್ಲ ಎಂಬುದೇ ಅವನ ಸಂಕಟ.

ಅವನಿಗೆ ಸಿಗುವ ಸಲಹೆಗಳನ್ನು ಗಮನಿಸಿ. ಎಲ್ಲದರಲ್ಲೂ ಸಮಸ್ಯೆ ತರುವವನು ನೀನೊಬ್ಬನೇ ಎಂದು ಲೈನಸ್ ಗದರುತ್ತಾನೆ. ಐದು ಸೆಂಟಿಗೆ ಮನೋವೈದ್ಯೆಯ ಸಲಹೆ ಮಾರುವ ಅಂಗಡಿ ಇಟ್ಟ ಲೂಸಿ, ಮೊದಲು ಹಣ ಡಬ್ಬಿಗೆ ಬಿದ್ದ ಸದ್ದು ಕೇಳಿ ಸುಖಿಸುತ್ತಾಳೆ. ಆಮೇಲೆ ಒಂದೊಂದೇ ಭಯದ ಹೆಸರು ಹೇಳುತ್ತ ಹೋಗಿ, ಕೊನೆಗೆ ಎಲ್ಲದರ ಬಗ್ಗೆಯೂ ಭಯವೇ ಎಂದು ಕೇಳುತ್ತಾಳೆ. ಅದೇ ಎಂದು ಅವನು ಕೂಗುವ ರಭಸಕ್ಕೆ ಅವಳೇ ಉರುಳಿ ಬೀಳುತ್ತಾಳೆ. ಆಮೇಲೆ ಅವಳು ಕೊಡುವ ಮದ್ದು, ಏನಾದರೂ ಕೆಲಸದಲ್ಲಿ ತೊಡಗಿಕೋ, ನಾಟಕ ನಿರ್ದೇಶಿಸು ಎಂಬುದು. ದುಃಖದಲ್ಲಿರುವವರಿಗೆ ನಾವೆಲ್ಲ ಹೇಳುವ ಮಾತೇ ಅದು. ನಾಟಕ ಎಕ್ಕುಟ್ಟಿಹೋಗುತ್ತದೆ, ಅವನ ಬೇಸರ ಇಮ್ಮಡಿಯಾಗುತ್ತದೆ. ಸುಮ್ಮನೆ ಖುಷಿಯಾಗಿರು ಎಂದರೆ ಯಾರಿಗೂ ಖುಷಿಯಾಗುವುದಿಲ್ಲ ಎಂಬುದನ್ನು 1965ರಲ್ಲಿ ಮಕ್ಕಳ ಕಾರ್ಯಕ್ರಮವೊಂದು ಇಷ್ಟು ಸ್ಪಷ್ಟವಾಗಿ ತೋರಿಸಿತು ಎನ್ನುವುದು ನನಗೆ ಇಂದಿಗೂ ದೊಡ್ಡ ಸಂಗತಿ.

ಬಹಳ ನಿಧಾನ. ನಡುನಡುವೆ ಯಾರೂ ಮಾತನ್ನೇ ಆಡುವುದಿಲ್ಲ. ಇದು ಹಳೆಯದಾದ್ದರಿಂದಲೇ?

ಅಲ್ಲ. 1965ರ ವಾಹಿನಿಯವರಿಗೂ ಇದು ನಿಧಾನವೆಂದೇ ಅನ್ನಿಸಿತ್ತು. ಆಗ ಅಮೆರಿಕದ ಟೆಲಿವಿಷನ್ ಹಾಸ್ಯದಲ್ಲಿ, ಕಾರ್ಟೂನುಗಳಲ್ಲಿ ಸಹ, ಮೊದಲೇ ಧ್ವನಿಮುದ್ರಿಸಿಟ್ಟ ಪ್ರೇಕ್ಷಕರ ನಗುವನ್ನು ಸೇರಿಸುವುದು ವಾಡಿಕೆ. ಶುಲ್ಟ್ಸ್ ಅದಕ್ಕೆ ಒಪ್ಪಲೇ ಇಲ್ಲ. ನಗು ಇಲ್ಲದ ಕಾರಣ ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ನಿಜವಾದ ಮೌನ ಉಳಿಯಿತು. ಹುಡುಗನ ಹೆಜ್ಜೆ, ಬೀಳುವ ಮಂಜು, ಪಿಯಾನೊ ಇಷ್ಟೇ ಅಲ್ಲಿರುತ್ತವೆ. ಮೊದಲ ಸಲ ನೋಡುವವರಿಗೆ ನನ್ನ ಒಂದೇ ಕೋರಿಕೆ: ವೇಗ ಹೆಚ್ಚಿಸಿ ನೋಡಬೇಡಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಲೂಸಿ ‘ಅಲ್ಯುಮಿನಿಯಂ ಮರ ತಾ’ ಎನ್ನುತ್ತಾಳೆ. ಅಂಥದ್ದು ನಿಜಕ್ಕೂ ಇತ್ತೇ?

ಇತ್ತು. 1950ರ ದಶಕದ ಕೊನೆಯಿಂದ 1960ರ ದಶಕದ ನಡುವಿನವರೆಗೆ ಅಮೆರಿಕದ ಮನೆಗಳಲ್ಲಿ ಅಲ್ಯುಮಿನಿಯಂ ಕ್ರಿಸ್‌ಮಸ್ ಮರದ ಹುಚ್ಚು ಹಬ್ಬಿತ್ತು. ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಊರು ಅದರ ತಯಾರಿಕೆಗೆ ಹೆಸರುವಾಸಿ. ಲೋಹದ ಎಲೆಗಳ ಮೇಲೆ ವಿದ್ಯುತ್ ದೀಪದ ಸರ ಹಾಕಿದರೆ ಶಾಕ್ ಹೊಡೆಯುವ ಅಪಾಯವಿತ್ತು. ಹಾಗಾಗಿ ನೆಲದ ಮೇಲೆ ತಿರುಗುವ ಬಣ್ಣದ ಚಕ್ರವಿಟ್ಟು, ಅದರ ಬೆಳಕನ್ನು ಮರದ ಮೇಲೆ ಬಿಡುತ್ತಿದ್ದರು. ಕಥೆಯಲ್ಲಿ ಮರ ಮಾರುವ ಜಾಗದಲ್ಲಿ ಲೈನಸ್ ಒಂದು ಲೋಹದ ಮರವನ್ನು ತಟ್ಟಿದಾಗ ಠಣ್ ಎನ್ನುತ್ತದೆ. ಅಷ್ಟೊಂದು ಹೊಳಪಿನ ನಡುವೆ ನಿಜವಾದ ಮರ ಒಂದೇ ಒಂದು, ಅದೂ ಬಡಕಲು. ಚಾರ್ಲಿ ಬ್ರೌನ್ ಅದನ್ನೇ ಆರಿಸಿಕೊಳ್ಳುತ್ತಾನೆ, ಅದಕ್ಕೆ ನನ್ನ ಅಗತ್ಯವಿದೆ ಎನ್ನುತ್ತಾನೆ. ಈ ಕಾರ್ಯಕ್ರಮ ಬಂದ ಕೆಲವೇ ವರ್ಷಗಳಲ್ಲಿ ಅಲ್ಯುಮಿನಿಯಂ ಮರಗಳ ಮಾರಾಟ ಕುಸಿಯಿತು. ಅದಕ್ಕೆ ಇದೂ ಒಂದು ಕಾರಣವೆಂದು ಹಲವರು ಹೇಳುತ್ತಾರೆ.

ಅಪ್ಪ ಅಮ್ಮ, ಮೇಷ್ಟ್ರು ಯಾರೂ ಕಾಣುವುದಿಲ್ಲವಲ್ಲ?

ಪೀನಟ್ಸ್ ಲೋಕದ ನಿಯಮವೇ ಅದು, ದೊಡ್ಡವರಿಗೆ ಪ್ರವೇಶವಿಲ್ಲ. ಟೀಚರ್ ಬದಲು ಟ್ರಾಂಬೋನಿನ ಗೊಣಗು ಕೇಳಿಸುವ ತಂತ್ರ ಮುಂದಿನ ಕಾರ್ಯಕ್ರಮಗಳಲ್ಲಿ ಬಂದದ್ದು, ಇದರಲ್ಲಿಲ್ಲ.

ಮರವನ್ನು ನೋಡಿ ನಕ್ಕ ಮಕ್ಕಳೇ ಕೊನೆಗೆ ಬಂದು ಸಿಂಗರಿಸುತ್ತಾರೆ. ಇಷ್ಟು ಬೇಗ ಬದಲಾದದ್ದು ನಂಬುವಂತಿದೆಯೇ?

ಅವರು ಪೂರ್ತಿ ಬದಲಾಗುವುದಿಲ್ಲ, ಅದೇ ಚೆಂದ. ಒಂದೇ ಒಂದು ಅಲಂಕಾರದ ಗುಂಡು ನೇತು ಹಾಕಿದ್ದಕ್ಕೆ ಮರ ಬಾಗಿ ನೆಲ ಮುಟ್ಟುತ್ತದೆ, ಅದನ್ನು ನಾನೇ ಕೊಂದೆ ಎಂದು ಚಾರ್ಲಿ ಬ್ರೌನ್ ಹೊರಟುಹೋಗುತ್ತಾನೆ. ಹಿಂದೆಯೇ ಬಂದ ಮಕ್ಕಳಲ್ಲಿ ಮೊದಲು ಮಾತನಾಡುವವನು ಲೈನಸ್: ಮರ ಅಷ್ಟೇನೂ ಕೆಟ್ಟದಾಗಿಲ್ಲ, ಅದಕ್ಕೆ ಸ್ವಲ್ಪ ಪ್ರೀತಿ ಬೇಕಿರಬಹುದು. ಸ್ನೂಪಿಯ ಗೂಡಿನ ಅಲಂಕಾರಗಳನ್ನೆಲ್ಲ ಕಿತ್ತು ತಂದು ಮರಕ್ಕೆ ಹಾಕುತ್ತಾರೆ. ಆಗ ಲೂಸಿ, ಚಾರ್ಲಿ ಬ್ರೌನ್ ಪೆದ್ದನೇ ಸರಿ, ಆದರೆ ಒಳ್ಳೆಯ ಮರ ತಂದಿದ್ದಾನೆ ಎನ್ನುತ್ತಾಳೆ. ಕ್ಷಮೆ ಕೇಳಲು ಬಾರದ ಮಗು ಹೀಗೆಯೇ ಮಾತನಾಡುತ್ತದೆ. ಇನ್ನು, ಕೈಯಾಡಿಸಿದ ಕೂಡಲೇ ಬಡಕಲು ಮರ ದಟ್ಟವಾಗುವುದು ಅನಿಮೇಷನ್‌ಗೆ ಮಾತ್ರ ಸಾಧ್ಯವಾದ ಪವಾಡ. ಅದನ್ನು ತರ್ಕದಿಂದ ಅಳೆಯಬೇಡಿ.

## ಇದನ್ನು ಮಾಡಿದ ಬಗೆ

ಈ ಯೋಚನೆ ಮೊದಲು ಬಂದದ್ದು ಯಾರಿಗೆ? ಶುಲ್ಟ್ಸ್‌ಗೇ?

ಜಾಹೀರಾತು ಸಂಸ್ಥೆಯವರಿಗೆ. ಮೆಂಡೆಲ್ಸನ್ 1963ರಲ್ಲಿ ಬೇಸ್‌ಬಾಲ್ ಆಟಗಾರ ವಿಲ್ಲೀ ಮೇಸ್ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದರು. ಅತ್ಯುತ್ತಮ ಆಟಗಾರನ ಬಗ್ಗೆ ಆಯಿತು, ಇನ್ನು ಅತಿ ಕೆಟ್ಟ ಆಟಗಾರನ ಬಗ್ಗೆ ಮಾಡೋಣವೆಂದು ಚಾರ್ಲಿ ಬ್ರೌನ್‌ನ ಸೃಷ್ಟಿಕರ್ತನನ್ನು ಹುಡುಕಿಕೊಂಡು ಹೋದರು. ಶುಲ್ಟ್ಸ್ ಬಗೆಗಿನ ಆ ಸಾಕ್ಷ್ಯಚಿತ್ರ ತಯಾರಾಯಿತು, ಆದರೆ ಯಾವ ವಾಹಿನಿಯೂ ಕೊಳ್ಳಲಿಲ್ಲ. 1965ರ ಏಪ್ರಿಲ್‌ನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಪೀನಟ್ಸ್ ಬಂತು. ಅದಾದ ಮೇಲೆ ಕೋಕಾ-ಕೋಲಾದ ಜಾಹೀರಾತು ನೋಡಿಕೊಳ್ಳುತ್ತಿದ್ದವರು ಮೆಂಡೆಲ್ಸನ್‌ಗೆ ಫೋನ್ ಮಾಡಿ, ಕ್ರಿಸ್‌ಮಸ್ ಕಾರ್ಯಕ್ರಮದ ಯೋಚನೆ ಇದೆಯೇ ಎಂದು ಕೇಳಿದರು. ಇದೆ ಎಂದುಬಿಟ್ಟ ಮೆಂಡೆಲ್ಸನ್ ತಕ್ಷಣ ಶುಲ್ಟ್ಸ್‌ಗೆ ವಿಷಯ ತಿಳಿಸಿದರು. ಕಥೆಯ ರೂಪರೇಖೆ ಒಂದು ದಿನದೊಳಗೆ ಸಿದ್ಧವಾಯಿತು. ಪೂರ್ತಿ ಕಾರ್ಯಕ್ರಮಕ್ಕೆ ಅವರಿಗಿದ್ದ ಸಮಯ ಸುಮಾರು ಆರು ತಿಂಗಳು.

ಧ್ವನಿ ನಿಜವಾದ ಮಕ್ಕಳದ್ದೇ? ಕೆಲವು ಮಾತು ತುಂಡುತುಂಡಾಗಿ ಕೇಳುತ್ತದೆ.

ನಿಜವಾದ ಮಕ್ಕಳೇ. ಅಂದಿನ ಅನಿಮೇಷನ್‌ನಲ್ಲಿ ಮಕ್ಕಳ ಪಾತ್ರಕ್ಕೂ ಹೆಚ್ಚಾಗಿ ದೊಡ್ಡವರೇ ಧ್ವನಿ ಕೊಡುತ್ತಿದ್ದರು. ಇಲ್ಲಿ ಚಾರ್ಲಿ ಬ್ರೌನ್‌ಗೆ ಪೀಟರ್ ರಾಬಿನ್ಸ್, ಲೈನಸ್‌ಗೆ ಕ್ರಿಸ್ಟೋಫರ್ ಶೇ, ಲೂಸಿಗೆ ಟ್ರೇಸಿ ಸ್ಟ್ರಾಟ್‌ಫೋರ್ಡ್ ಧ್ವನಿಯಾದರು. ಸ್ಯಾಲಿಗೆ ದನಿಯಾದ ಕ್ಯಾಥಿ ಸ್ಟೈನ್‌ಬರ್ಗ್‌ಗೆ ಇನ್ನೂ ಓದಲು ಬರುತ್ತಿರಲಿಲ್ಲ. ಒಂದೊಂದು ತುಣುಕನ್ನೂ ಹೇಳಿಕೊಟ್ಟು, ಅವಳಿಂದ ಹೇಳಿಸಿ, ಆಮೇಲೆ ಜೋಡಿಸಿದರು. ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಸಾಂಟಾಗೆ ಬರೆಸುವ ಪತ್ರದಲ್ಲಿ ಉಡುಗೊರೆಯ ಗೊಡವೆ ಬೇಡ, ಹತ್ತು ಇಪ್ಪತ್ತರ ನೋಟನ್ನೇ ಕಳಿಸು ಎಂದು ಅವಳು ಹೇಳುವಾಗ ಆ ತಡವರಿಕೆಯೇ ಮಾತಿಗೆ ಕಳೆ ಕೊಡುತ್ತದೆ. ಸ್ನೂಪಿಯ ಸದ್ದುಗಳು ಸ್ವತಃ ನಿರ್ದೇಶಕ ಮೆಲೆಂಡೆಜ್ ಅವರವು, ಧ್ವನಿಮುದ್ರಿಸಿ ವೇಗ ಹೆಚ್ಚಿಸಿದ್ದು.

ಚಿತ್ರಗಳು ಒರಟಾಗಿವೆ, ಮರದ ಕೊಂಬೆಗಳ ಸಂಖ್ಯೆಯೂ ಆಗಾಗ ಬದಲಾಗುತ್ತದೆ. ಯಾರೂ ಗಮನಿಸಲಿಲ್ಲವೇ?

ಗಮನಿಸಿದ್ದರು, ತಿದ್ದಲು ಹೊತ್ತೂ ಹಣವೂ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಶುಲ್ಟ್ಸ್ ಬರೆದ ಗೆರೆಗಳಲ್ಲೇ ಇತ್ತು. ಕಾಗದದ ಮೇಲೆ ಈ ಮಕ್ಕಳ ತಲೆ ದೊಡ್ಡದು, ಕೈ ಗಿಡ್ಡ. ಚಾರ್ಲಿ ಬ್ರೌನ್ ಕೈ ಎತ್ತಿದರೆ ತಲೆಯ ಮೇಲಕ್ಕೆ ಎಟುಕುವುದಿಲ್ಲ. ಮುಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವ ಬಗೆಯನ್ನು ಕಾಮಿಕ್ ಪಟ್ಟಿ ಎಂದೂ ತೋರಿಸಿರಲಿಲ್ಲ. ಫೋರ್ಡ್ ಕಾರಿನ ಜಾಹೀರಾತುಗಳಿಗಾಗಿ ಈ ಪಾತ್ರಗಳನ್ನು ಮೊದಲೇ ಚಲಿಸುವಂತೆ ಮಾಡಿದ್ದ ಮೆಲೆಂಡೆಜ್, ಮೂಲ ಗೆರೆಗಳನ್ನು ಕೆಡಿಸದೆ ಕುಣಿಸುವುದನ್ನು ಕಲಿತಿದ್ದರು. ಮೆಲೆಂಡೆಜ್ ಅವರನ್ನು ಶುಲ್ಟ್ಸ್ ನಂಬಿದ್ದೂ ಅದಕ್ಕೇ. ನಾಟಕದ ತಾಲೀಮಿನಲ್ಲಿ ಒಬ್ಬೊಬ್ಬರೂ ತಮ್ಮದೇ ಒಂದು ವಿಚಿತ್ರ ಹೆಜ್ಜೆಯನ್ನು ಬಿಡದೆ ಹಾಕುತ್ತಿರುವುದನ್ನು ನೋಡಿ. ಕಡಿಮೆ ಚಿತ್ರಗಳಲ್ಲಿ ಅಷ್ಟು ವ್ಯಕ್ತಿತ್ವ ತುಂಬಿದ ಕುಣಿತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕ್ರಿಸ್‌ಮಸ್‌ಗೆ ಜಾಝ್ ಸಂಗೀತ ಹೇಗೆ ಬಂತು?

ಆ ಮಾರಾಟವಾಗದ ಸಾಕ್ಷ್ಯಚಿತ್ರದ ಕೊಡುಗೆ ಇದು. ಮೆಂಡೆಲ್ಸನ್ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಕಾರಿನಲ್ಲಿ ಹೋಗುತ್ತಿದ್ದಾಗ ರೇಡಿಯೊದಲ್ಲಿ ವಿನ್ಸ್ ಗ್ವಾರಾಲ್ಡಿಯ ಒಂದು ಪಿಯಾನೊ ರಚನೆ ಕೇಳಿ, ಅವರನ್ನು ಸಂಪರ್ಕಿಸಿದರು. ‘ಲೈನಸ್ ಆ್ಯಂಡ್ ಲೂಸಿ’ ಎಂಬ ಕುಣಿಸುವ ಮಟ್ಟು ಹುಟ್ಟಿದ್ದು ಆ ಸಾಕ್ಷ್ಯಚಿತ್ರಕ್ಕಾಗಿ. ಈಗ ಜಗತ್ತೆಲ್ಲ ಅದನ್ನು ಪೀನಟ್ಸ್‌ನ ಗುರುತೆಂದೇ ಬಲ್ಲದು.

ಮಂಜಿನ ಮೇಲೆ ಮಕ್ಕಳು ಜಾರುವ ಆರಂಭದ ಹಾಡಿಗೆ ಮೊದಲು ಸಾಹಿತ್ಯವಿರಲಿಲ್ಲ. ಅದಕ್ಕೆ ಮಾತು ಬೇಕೆನಿಸಿದಾಗ ಮೆಂಡೆಲ್ಸನ್ ತಾವೇ ಒಂದು ಲಕೋಟೆಯ ಹಿಂಬದಿಯಲ್ಲಿ ಕೆಲವೇ ನಿಮಿಷಗಳಲ್ಲಿ ಬರೆದುಬಿಟ್ಟರು. ಹಾಡಿದವರು ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ಊರಿನ ಸೇಂಟ್ ಪಾಲ್ಸ್ ಎಪಿಸ್ಕೋಪಲ್ ಚರ್ಚಿನ ಮಕ್ಕಳು. ಅವರ ಶ್ರುತಿ ಅಲ್ಲಲ್ಲಿ ಜಾರುತ್ತದೆ, ಅದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಚರ್ಚಿನಲ್ಲೋ ಶಾಲೆಯಲ್ಲೋ ಮಕ್ಕಳು ಸಾಲಾಗಿ ನಿಂತು ಹಾಡುವುದನ್ನು ಕೇಳಿದವರಿಗೆ ಅದು ಸತ್ಯವೆನಿಸುವುದು ಅದರಿಂದಲೇ.

ಸ್ವರ ಹಗುರ, ಆದರೆ ಅಡಿಯಲ್ಲಿ ಒಂದು ವಿಷಾದ. ಚಾರ್ಲಿ ಬ್ರೌನ್ ಬಾಯಲ್ಲಿ ಹೇಳಲಾರದ್ದನ್ನು ಪಿಯಾನೊ ಹೇಳುತ್ತದೆ. ಈ ಧ್ವನಿಮುದ್ರಿಕೆಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಗ್ವಾರಾಲ್ಡಿ 1976ರಲ್ಲಿ, 47ನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು.

ವಾಹಿನಿಯವರಿಗೆ ಇದು ಹಿಡಿಸಿರಲಿಲ್ಲವಂತೆ, ಹೌದೇ?

ಹೌದು. ಮುಗಿದ ಪ್ರತಿಯನ್ನು ನೋಡಿದ ಸಿಬಿಎಸ್ ಅಧಿಕಾರಿಗಳಿಗೆ ವೇಗವೂ ಹಿಡಿಸಲಿಲ್ಲ, ಸಂಗೀತವೂ ಹಿಡಿಸಲಿಲ್ಲ. ಪ್ರಸಾರದ ದಿನ ಹತ್ತಿರವಿದ್ದುದರಿಂದ ಬಿಡುಗಡೆ ಮಾಡಿದರು. ಮೆಂಡೆಲ್ಸನ್, ಮೆಲೆಂಡೆಜ್ ಕೂಡ ತಾವು ಚಾರ್ಲಿ ಬ್ರೌನ್‌ನನ್ನು ಹಾಳು ಮಾಡಿದೆವೇನೋ ಎಂಬ ಅಳುಕಿನಲ್ಲಿದ್ದರು. ಆ ಸಂಜೆ ಸುಮಾರು 1.5 ಕೋಟಿ ಮನೆಗಳಲ್ಲಿ, ಟೀವಿ ಹಚ್ಚಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಇದನ್ನು ನೋಡಿದರು. ಮರುವರ್ಷ ಎಮ್ಮಿ ಪ್ರಶಸ್ತಿ ಬಂತು, ಪೀಬಡಿ ಪ್ರಶಸ್ತಿಯೂ ಬಂತು.

## ಮತ್ತೆ ಮತ್ತೆ ನೋಡುವವರ ಪ್ರಶ್ನೆಗಳು

ಕಾರ್ಟೂನಿನಲ್ಲಿ ಬೈಬಲ್ ಓದಿಸಿದ್ದಕ್ಕೆ ಆಗ ವಿರೋಧ ಬರಲಿಲ್ಲವೇ?

ಮೊದಲ ಅಳುಕು ತಂಡದೊಳಗೇ ಇತ್ತು. ಮನರಂಜನೆಯ ಟೆಲಿವಿಷನ್ನಿನಲ್ಲಿ ಧರ್ಮಗ್ರಂಥ ಬೇಡವೇನೋ ಎಂದು ಮೆಲೆಂಡೆಜ್ ಹಿಂಜರಿದರು. ನಾವು ಮಾಡದಿದ್ದರೆ ಇನ್ಯಾರು ಮಾಡುತ್ತಾರೆ ಎಂಬುದು ಶುಲ್ಟ್ಸ್ ಅವರ ನಿಲುವು.

ಲೈನಸ್ ಹೇಳುವುದು ಲೂಕನ ಸುವಾರ್ತೆಯ 2ನೇ ಅಧ್ಯಾಯದ 8ರಿಂದ 14ರವರೆಗಿನ ವಚನಗಳು: ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದ ಕುರುಬರಿಗೆ ದೇವದೂತ ಕಾಣಿಸಿಕೊಂಡು, ಹೆದರಬೇಡಿ, ರಕ್ಷಕನು ಹುಟ್ಟಿದ್ದಾನೆ ಎಂದು ತಿಳಿಸುವ ಭಾಗ. ನಮ್ಮ ಕರಾವಳಿಯ ಮನೆಗಳಲ್ಲಿ ಗೋದಲಿ ಕಟ್ಟುವಾಗ ಕುರಿಗಳ ಪಕ್ಕದಲ್ಲಿ ನಿಲ್ಲಿಸುವ ಕುರುಬರು ಇವರೇ. ನಿರ್ಮಾಪಕರ ದೃಷ್ಟಿಯಿಂದ ನೋಡಿದರೆ ಇದು ಎಷ್ಟು ದೊಡ್ಡ ಸಾಹಸವೆಂದು ಯೋಚಿಸಿ. ಸುಮಾರು ಒಂದು ನಿಮಿಷ ಖಾಲಿ ವೇದಿಕೆ, ಒಂದು ಬೆಳಕು, ಒಬ್ಬ ಹುಡುಗ. ಸಂಗೀತವಿಲ್ಲ, ಹಾಸ್ಯವಿಲ್ಲ. ಕ್ರಿಸ್ಟೋಫರ್ ಶೇ ಆ ವಚನಗಳನ್ನು ಭಾಷಣವಾಗಿಸದೆ, ತನಗೆ ಗೊತ್ತಿರುವುದನ್ನು ಗೆಳೆಯನಿಗೆ ತಿಳಿಸುವಂತೆ ಹೇಳುತ್ತಾನೆ. ಹಾಗಾಗಿಯೇ ಆ ನಂಬಿಕೆಯವರಲ್ಲದವರೂ ಅಲ್ಲಿ ಕಿವಿಗೊಡುತ್ತಾರೆ.

ಆ ದೃಶ್ಯದಲ್ಲಿ ಲೈನಸ್ ಹೊದಿಕೆ ಕೆಳಗೆ ಹಾಕುತ್ತಾನೆಯೇ? ಯಾರೋ ಹೇಳಿದರು, ನಮಗೆ ಕಾಣಲಿಲ್ಲ.

ಹಾಕುತ್ತಾನೆ. ದೇವದೂತ ‘ಹೆದರಬೇಡಿ’ ಎನ್ನುವ ಮಾತು ಅವನ ಬಾಯಿಗೆ ಬಂದ ಕ್ಷಣದಲ್ಲೇ ಹೊದಿಕೆ ಕೈಯಿಂದ ಜಾರುತ್ತದೆ. ಎಂದೂ ಬಿಡದ ಆಸರೆಯನ್ನು ಅವನು ಅಲ್ಲಿ ಬಿಡುತ್ತಾನೆ ಎಂದು ಹಲವರು ಅರ್ಥೈಸುತ್ತಾರೆ, ನನಗೂ ಅದೇ ಸರಿ ಎನಿಸುತ್ತದೆ. ಆದರೆ ಪೂರ್ತಿ ನೋಡಬೇಕು: ಹೇಳಿ ಮುಗಿಸಿದ ಮೇಲೆ ಹೊದಿಕೆಯನ್ನು ಎತ್ತಿಕೊಂಡೇ ಅವನು ಚಾರ್ಲಿ ಬ್ರೌನ್ ಬಳಿಗೆ ನಡೆಯುತ್ತಾನೆ. ಕೊನೆಯಲ್ಲಿ ಅದೇ ಹೊದಿಕೆಯನ್ನು ಬಾಗಿದ ಮರದ ಬುಡಕ್ಕೆ ಸುತ್ತುತ್ತಾನೆ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ತೂಕದ್ದು, ಏಕೆಂದರೆ ಅಲ್ಲಿ ಅವನು ಅದನ್ನು ಬೇರೆಯವರ ಆಸರೆಗೆ ಕೊಡುತ್ತಾನೆ.

ಹಬ್ಬ ವ್ಯಾಪಾರವಾಯಿತು ಎನ್ನುವ ಕಥೆಗೆ ದುಡ್ಡು ಕೊಟ್ಟದ್ದು ತಂಪು ಪಾನೀಯದ ಕಂಪನಿ. ಇದು ಸರಿಯೇ?

ಈ ವಿರೋಧಾಭಾಸ ನಿಜ, ಮುಚ್ಚಿಡಬೇಕಾದ್ದಿಲ್ಲ. 1965ರ ಪ್ರಸಾರದಲ್ಲಿ ಸ್ನೂಪಿ ಬೀಸಿ ಎಸೆದ ಲೈನಸ್ ಹೋಗಿ ಬೀಳುತ್ತಿದ್ದುದು ಕೋಕಾ-ಕೋಲಾ ಫಲಕಕ್ಕೆ. ಕೊನೆಯಲ್ಲಿ ಆ ಕಂಪನಿಯ ಶುಭಾಶಯವೂ ಇತ್ತು. ಮುಂದೆ ಇವೆರಡನ್ನೂ ತೆಗೆದರು, ಈಗ ನೀವು ನೋಡುವುದು ತೆಗೆದ ರೂಪ. ಆದರೆ ಪ್ರಾಯೋಜಕರಿಗಾಗಿ ಕಥೆಯ ಮೊನೆ ಮೊಂಡಾಗಲಿಲ್ಲ. ಅಲಂಕಾರ ಸ್ಪರ್ಧೆಯಲ್ಲಿ ಬಹುಮಾನ ಗೆಲ್ಲುವುದು ಚಾರ್ಲಿ ಬ್ರೌನ್‌ನದೇ ನಾಯಿ, ನೋಟು ಕೇಳುವುದು ಅವನದೇ ತಂಗಿ. ವ್ಯಾಪಾರ ಹೊರಗಿನಿಂದ ಬಂದ ಖಳನಾಯಕನಲ್ಲ, ಮನೆಯೊಳಗೇ ಇದೆ ಎಂದು ಶುಲ್ಟ್ಸ್ ತೋರಿಸಿದರು. ಹಣ ಕೊಟ್ಟವರು ಯಾರೆಂಬುದಕ್ಕಿಂತ ಅದನ್ನು ತೋರಿಸಿದ ಪ್ರಾಮಾಣಿಕತೆ ನನಗೆ ಮುಖ್ಯ.

ಇದು ತುಂಬ ಹಿಡಿಸಿತು. ಮುಂದೆ ಏನು ನೋಡಲಿ?

ಇದೇ ತಂಡ 1966ರ ಅಕ್ಟೋಬರ್‌ನಲ್ಲಿ ಮಾಡಿದ ಹ್ಯಾಲೋವೀನ್ ಕಾರ್ಯಕ್ರಮವನ್ನು ಮೊದಲು ನೋಡಿ. ಅದರಲ್ಲಿ ಲೈನಸ್‌ನ ನಂಬಿಕೆಯೇ ಪರೀಕ್ಷೆಗೆ ಒಳಗಾಗುತ್ತದೆ. ಅದೇ ಕಾಲದ ಬೇರೆ ಕ್ರಿಸ್‌ಮಸ್ ಕಾರ್ಯಕ್ರಮ ಬೇಕೆಂದರೆ 1964ರ ರುಡಾಲ್ಫ್ ಇದೆ, ಗೊಂಬೆಗಳನ್ನು ಒಂದೊಂದೇ ಚೌಕಟ್ಟಿಗೆ ಸರಿಸಿ ಚಿತ್ರೀಕರಿಸಿದ್ದು. 1966ರ ಗ್ರಿಂಚ್ ಇದೆ, ಚಕ್ ಜೋನ್ಸ್ ನಿರ್ದೇಶಿಸಿದ್ದು. ಮೂರರಲ್ಲಿ ಗ್ರಿಂಚ್‌ನ ಚಿತ್ರಕಲೆ ಅತಿ ಸೊಗಸು.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇನ್ನೊಂದು ಮಾತು. ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ ಸಾಂಟಾ ರೋಸಾ ಊರಿನಲ್ಲಿ 2002ರಲ್ಲಿ ತೆರೆದ ಶುಲ್ಟ್ಸ್ ವಸ್ತುಸಂಗ್ರಹಾಲಯವಿದೆ. ಪಕ್ಕದಲ್ಲೇ ಅವರು ಕಟ್ಟಿಸಿದ ಐಸ್ ಸ್ಕೇಟಿಂಗ್ ಅಂಗಳವೂ ಇದೆ. ಚಳಿಯ ಮಿನೆಸೋಟಾದಲ್ಲಿ ಬೆಳೆದ ಶುಲ್ಟ್ಸ್‌ಗೆ ಮಂಜಿನ ಮೇಲಿನ ಆಟ ಕೊನೆಯವರೆಗೂ ಪ್ರಿಯವಾಗಿತ್ತು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅರ್ಧ ದಿನ ಬಿಡುವು ಮಾಡಿಕೊಂಡು, ಎರಡನ್ನೂ ನೋಡಿ ಬನ್ನಿ.